ಕೆರೆಯೊಳಗಿನ ಅರವತ್ತೊಂದು ಮನೆ

ಕೇರಿಗೆ ನೀರು ಬರುವ ಮುಂಚೆ ದೋಣಿ ಬಂತು.

ಒಂದಲ್ಲ, ನಾಲ್ಕು. ಲಾರಿಯ ಮೇಲೆ ಹಗ್ಗ ಬಿಗಿದು ಕೂರಿಸಿದ್ದ ನಾಲ್ಕು ಬಿಳಿ ಬಾತುಕೋಳಿಗಳು. ಒಂದೊಂದೂ ಎಮ್ಮೆಯಷ್ಟು ದೊಡ್ಡದು. ಹಳದಿ ಕೊಕ್ಕು, ಕರಿ ಕಣ್ಣು, ಹೊಟ್ಟೆಯೊಳಗೆ ಇಬ್ಬರು ಕೂರುವಷ್ಟು ಸೀಟು, ಕಾಲಲ್ಲಿ ತುಳಿಯೋಕೆ ಪೆಡಲು. ಲಾರಿ ಡ್ರೈವರ್ ಕೆಳಗಿಳಿದು ಸುತ್ತ ನೋಡಿದ. ಎಡಕ್ಕೆ ದೊಡ್ಡ ಚರಂಡಿ. ಬಲಕ್ಕೆ ರೈಲ್ವೆ ಗೋಡೆ. ನಡುವೆ ನೀಲಿ ಟಾರ್ಪಾಲು ಹೊದ್ದುಕೊಂಡು ಒಂದಕ್ಕೊಂದು ಆತುಕೊಂಡ ಗುಡಿಸಲುಗಳು. ಫೋನು ನೋಡಿದ. ತಲುಪಿದ್ದೀರಿ ಅಂತ ಫೋನು ಹೇಳುತ್ತಿತ್ತು.

ಕೆರೆ ಎಲ್ಲಿ ಅಂತ ಅವನು ಕೇಳಿದ.

ಕೇಳಿದ್ದು ಸುಣ್ಣದಕ್ಕನನ್ನ. ಅವಳು ಆಗಷ್ಟೇ ಗೂಡ್ಸ್ ಶೆಡ್ಡಿನ ನಲ್ಲಿಯಿಂದ ಮೂರನೇ ಸಲ ನೀರು ಹೊತ್ತು ತಂದಿದ್ದಳು. ತಲೆ ಮೇಲೊಂದು ಕೊಡ, ಸೊಂಟದ ಮೇಲೊಂದು. ಹೋಗಿಬರೋಕೆ ಮುಕ್ಕಾಲು ಗಂಟೆ. ಅಲ್ಲಿ ಕಾವಲುಗಾರ ಒಳ್ಳೆ ಮನಸ್ಸಲ್ಲಿದ್ದರೆ ನೀರು, ಇಲ್ಲದಿದ್ದರೆ ಬೈಗುಳ. ಅವತ್ತು ಎರಡೂ ಸಿಕ್ಕಿತ್ತು. ಕತ್ತು ಸೆಟೆದು ನಿಂತಿದ್ದ ಅವಳಿಗೆ ಪ್ರಶ್ನೆ ತಲೆಗೆ ಇಳಿಯೋಕೆ ಸ್ವಲ್ಪ ಹೊತ್ತು ಹಿಡಿಯಿತು.

ಇಲ್ಲಿ ಕೆರೆ ಇಲ್ಲ ಅಂದಳು. ಡ್ರೈವರ್ ಫೋನು ಅವಳ ಮುಖಕ್ಕೆ ಹಿಡಿದ. ಅದರಲ್ಲಿ ನಕ್ಷೆ. ನಕ್ಷೆಯ ನಡುವೆ ಅಂಗೈಯಷ್ಟು ನೀಲಿ. ಹೊಸ ನಕ್ಷೆ, ಸರ್ಕಾರದ್ದೇ, ಸುಳ್ಳಿರುತ್ತಾ ಅಂತ ಅವನ ವಾದ. ನಗರಸಭೆಯವರು ಕೆರೆ ಸುತ್ತ ಉದ್ಯಾನ ಮಾಡ್ತಾರೆ, ದೋಣಿ ಬಿಡ್ತಾರೆ, ಇಳಿಸಿ ಬಾ ಅಂತ ತನಗೆ ಹೇಳಿದ್ದಾರೆ, ವಾಪಸ್ ಒಯ್ಯೋಕೆ ಡೀಸೆಲ್ ಯಾರಪ್ಪ ಕೊಡ್ತಾನೆ ಅಂತ ಗೊಣಗುತ್ತಾ ಅವನು ನಾಲ್ಕನ್ನೂ ಕೇರಿಯ ಬಾಯಲ್ಲೇ ಇಳಿಸಿ ಹೋದ.

ಸುಣ್ಣದಕ್ಕನ ಅತ್ತೆ ಬಾಗಿಲಿಂದ ಹೊರಗೆ ಬಂದು ಬಾತುಕೋಳಿಗಳ ಸುತ್ತ ಒಂದು ಸುತ್ತು ಹಾಕಿದಳು. ಒಂದರ ಕೊಕ್ಕನ್ನ ಬೆರಳಲ್ಲಿ ತಟ್ಟಿ ನೋಡಿದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಕೇಳಿದ್ದೆ. ಇವತ್ತು ಕಣ್ಣಾರೆ ಕಂಡೆ."

ಅತ್ತೆಗೆ ಎಪ್ಪತ್ತರ ಮೇಲೆ. ಹಲ್ಲು ನಾಲ್ಕೇ ಉಳಿದಿದ್ದವು, ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಸಂಜೆಯೊಳಗೆ ಮಕ್ಕಳೆಲ್ಲ ಬಾತುಕೋಳಿಯ ಹೊಟ್ಟೆಯೊಳಗೆ ಕೂತು ಪೆಡಲು ತುಳಿಯುತ್ತಿದ್ದವು. ಒಂದರ ಕತ್ತಿಗೆ ಯಾರೋ ಒದ್ದೆ ಬಟ್ಟೆ ಹರವಿದರು. ಕೇರಿ ನಕ್ಕಿತು. ಸುಣ್ಣದಕ್ಕ ನಗಲಿಲ್ಲ.

ಅವಳು ಆ ನೀಲಿಯ ಅಂಚು ನೋಡಿದ್ದಳು. ಒಂದು ಕಡೆ ಮೊಣಕೈ ಮಡಚಿದ ಹಾಗೆ ಬಾಗಿತ್ತು. ಅದು ಅವಳ ಮನೆ ಹಿಂದಿನ ಚರಂಡಿಯ ತಿರುವು.

ಸುಣ್ಣದಕ್ಕ ಅನ್ನೋ ಹೆಸರು ಅವಳಿಗೆ ಬಂದಿದ್ದು ಕೆಲಸದಿಂದ. ಸರ್ವೆ ಕಚೇರಿಯಲ್ಲಿ ದಿನಗೂಲಿ. ಊರಿನ ನಕ್ಷೆ ಹೊಸದಾಗಿ ಬರೀತಿದ್ದರು. ಮೊದಲು ಉಪಗ್ರಹದಿಂದ ತೆಗೆದ ಚಿತ್ರ ಇಟ್ಟುಕೊಂಡು ಒಂದು ಕರಡು ಆಗಿತ್ತು. ಇನ್ನು ವಿಮಾನ ಬಂದು ಹತ್ತಿರದಿಂದ ಚಿತ್ರ ತೆಗೆಯಬೇಕು. ಮೇಲಿಂದ ತೆಗೆದ ಚಿತ್ರವನ್ನ ಕೆಳಗಿನ ನೆಲಕ್ಕೆ ಸರಿಯಾಗಿ ಹೊಂದಿಸೋಕೆ ಅಲ್ಲಲ್ಲಿ ಗುರುತು ಬೇಕು. ದರ್ಜಿ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಹಾಕಿಕೊಳ್ಳೋ ಗುರುತಿನ ಹಾಗೆ. ನೆಲ ಕೆರೆದು, ಮಟ್ಟ ಮಾಡಿ, ದಾರ ಹಿಡಿದು, ಸುಣ್ಣದಲ್ಲಿ ದೊಡ್ಡ ಪ್ಲಸ್ ಗುರುತು ಬರೆಯಬೇಕು. ಆರಡಿ ಉದ್ದ, ಒಂದಡಿ ಅಗಲ. ಅದನ್ನ ಬರೆಯೋಳು ಅವಳು. ಅಂಗೈ ಸುಣ್ಣ ತಿಂದು ಬಿರಿದಿತ್ತು. ಊಟಕ್ಕೆ ಕೈ ಹಾಕಿದರೆ ಬೆರಳು ಉರಿಯುತ್ತಿತ್ತು. ಆದರೂ ಅವಳಿಗೆ ಆ ಕೆಲಸ ಇಷ್ಟ. ಕೇರಿಯ ಉಳಿದವರೆಲ್ಲ ಊರಿನ ಚರಂಡಿಗೆ ಇಳಿಯೋರು. ಅವಳ ಗಂಡನೂ ಅಷ್ಟೇ. ಕೆಳಗೆ ಇಳಿಯೋ ಮನೆತನದಲ್ಲಿ ಮೇಲಕ್ಕೆ ಕಾಣೋ ಕೆಲಸ ಮಾಡೋಳು ತಾನೊಬ್ಬಳೇ ಅಂತ ಒಳಗೊಳಗೆ ಒಂಚೂರು ಜಂಬ ಇತ್ತು.

ಮಾರನೆ ಬೆಳಿಗ್ಗೆ ಅವಳು ಕಚೇರಿಯ ಚಿತ್ರದ ಕೋಣೆ ಮುಂದೆ ಚಪ್ಪಲಿ ಬಿಟ್ಟು ನಿಂತಳು. ಸುಣ್ಣದ ಧೂಳು ಮೆಷೀನಿಗೆ ಆಗಿಬರಲ್ಲ ಅಂತ ಅವಳಿಗೆ ಒಳಗೆ ಪ್ರವೇಶ ಇರಲಿಲ್ಲ. ಒಳಗೆ ಸದಾ ಚಳಿ. ಚಿತ್ರದ ಮೇಡಂ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಪರದೆ ಮುಂದೆ ಕೂತಿರುತ್ತಿದ್ದಳು. ಮೇಲಿಂದ ಬಂದ ಚಿತ್ರದಲ್ಲಿ ಯಾವುದು ಮನೆ, ಯಾವುದು ರಸ್ತೆ, ಯಾವುದು ನೀರು ಅಂತ ಬಿಡಿಸೋದು ಅವಳ ಕೆಲಸ. ಅವಳು ತಲೆ ಎತ್ತಿ ನೋಡಿ ಒಳಗೆ ಬಾ ಅಂದಳು. ಸುಣ್ಣದಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ವಿಷಯ ಕೇಳಿ ಮೇಡಂ ಪರದೆ ಮೇಲೆ ಆ ಜಾಗ ತೆಗೆದಳು. ನೀಲಿ. ಒಪ್ಪವಾದ ನೀಲಿ, ಸುತ್ತ ಗಟ್ಟಿ ಗೆರೆ.

ಮೇಡಂ ಬಿಡಿಸಿ ಹೇಳಿದಳು. ಅಷ್ಟು ಎತ್ತರದಿಂದ ನೋಡೋ ಕಣ್ಣಿಗೆ ಒಂದು ಗುಡಿಸಲು ಅಂದರೆ ಒಂದು ಚುಕ್ಕಿ, ಕೆಲವು ಸಲ ಅದೂ ಇಲ್ಲ. ಬಣ್ಣ ನೋಡಿ ಮೆಷೀನು ವಿಂಗಡಿಸುತ್ತೆ. ಹಸಿರಿದ್ದರೆ ಗಿಡ. ಕಂದು ಬಣ್ಣವಿದ್ದರೆ ಮಣ್ಣು. ಅರವತ್ತು ನೀಲಿ ಚುಕ್ಕಿ ಒತ್ತೊತ್ತಾಗಿ ಕೂತರೆ ಅದಕ್ಕೆ ನೀರಿನ ಅನುಮಾನ. ನಿಮ್ಮ ಮನೆ ಮೇಲೆ ನೀಲಿ ಏನಿದೆ ಅಂತ ಕೇಳಿದಳು.

ಇದ್ದಿದ್ದು ಟಾರ್ಪಾಲು. ಎರಡು ವರ್ಷದ ಹಿಂದೆ ಗಾಳಿಗೆ ಮಾಡು ಹಾರಿದಾಗ ನಗರಸಭೆ ಮನೆಗೊಂದು ಹಂಚಿತ್ತು. ಒಂದೇ ಅಳತೆ, ಒಂದೇ ಬಣ್ಣ. ಹಂಚುವಾಗ ಫೋಟೋ ಬೇರೆ ತೆಗೆಸಿಕೊಂಡಿದ್ದರು. ನಗರಸಭೆ ಕೊಟ್ಟ ಮಾಡನ್ನ ನೋಡಿ ಸರ್ವೆಯವರು ಕೆರೆ ಅಂದರು. ಸರ್ವೆಯವರ ಕೆರೆ ನೋಡಿ ನಗರಸಭೆ ದೋಣಿ ತರಿಸಿತು. ಮೂರು ವರ್ಷದಿಂದ ನಲ್ಲಿಗೆ ಅರ್ಜಿ ಕೊಟ್ಟೂ ಕೊಟ್ಟೂ ಹೆಂಗಸರ ಕಾಲು ಸವೆದಿತ್ತು. ಈಚೆಗೆ ಬಂದಿದ್ದ ಉತ್ತರ ಏನು ಅಂತ ಯಾರಿಗೂ ಅರ್ಥವಾಗಿರಲಿಲ್ಲ. ಜಲಮೂಲದೊಳಗೆ ಕೊಳಾಯಿ ಸಂಪರ್ಕಕ್ಕೆ ಅವಕಾಶವಿಲ್ಲ. ಈಗ ಅರ್ಥವಾಯಿತು.

ಆದರೂ ಮೆಷೀನು ಅನುಮಾನ ಪಟ್ಟಿದ್ದಷ್ಟೇ, ಅದನ್ನ ಹೋಗಿ ನೋಡಿಬರೋಕೆ ಮನುಷ್ಯರನ್ನ ಕಳಿಸ್ತೀವಲ್ಲ ಅಂತ ಮೇಡಂ ಕಡತ ಹುಡುಕಿದಳು. ಹಾಳೆ ಸಿಕ್ಕಿತು. ಸ್ಥಳಕ್ಕೆ ಭೇಟಿ ಕೊಟ್ಟು ಪರಿಶೀಲಿಸಲಾಗಿದೆ, ಕೆರೆ, ನೀರು ನಿಂತಿದೆ. ಕೆಳಗೆ ಸರ್ವೆ ಸಾಹೇಬರ ರುಜು. ಅದರ ಪಕ್ಕ ಸಾಕ್ಷಿಯ ರುಜು.

ಸಾಕ್ಷಿಯ ರುಜು ಸುಣ್ಣದಕ್ಕನದು.

ಅವಳು ಅಕ್ಷರ ಕೂಡಿಸಿ ಕೂಡಿಸಿ ಓದೋಳು. ತನ್ನ ಹೆಸರನ್ನ ಮಾತ್ರ ನೋಡಿದ ಕೂಡಲೇ ಗುರುತಿಸುತ್ತಿದ್ದಳು. ರಾತ್ರಿ ಶಾಲೆಯಲ್ಲಿ ಕಲಿತ ದುಂಡು ಅಕ್ಷರ. ಕೊನೆಯ ಅಕ್ಷರದ ಬಾಲ ಸ್ವಲ್ಪ ಉದ್ದ.

ಆ ದಿನ ನೆನಪಾಯಿತು. ಜೀಪು ಚರಂಡಿ ತಿರುವಿನಲ್ಲಿ ನಿಂತಿತ್ತು. ಮುಂದೆ ಸಾಹೇಬರು, ಪಕ್ಕದಲ್ಲಿ ಅವರ ಕೊಡೆ. ಕೊಡೆಗೆ ಸೀಟಿತ್ತು, ಅವಳು ಹಿಂದೆ ಸುಣ್ಣದ ಮೂಟೆ ಮೇಲೆ. ಮೂಟೆಗೂ ಅವಳಿಗೂ ಸಾಹೇಬರು ಭೇದ ಮಾಡುತ್ತಿರಲಿಲ್ಲ. ಬಾಯಾರಿದರೆ ಡ್ರೈವರ್ ಬಾಟಲಿಯನ್ನ ಮೊಳ ಎತ್ತರಕ್ಕೆ ಹಿಡಿದು ಬೊಗಸೆಗೆ ಸುರಿಯುತ್ತಿದ್ದ. ಅವತ್ತು ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿ, ಅಲ್ಲಿ ನೀರಿದೆಯೇನೋ ಅಂತ ಡ್ರೈವರನ್ನ ಕೇಳಿದರು. ನಿಂತಿದೆ ಸಾರ್ ಅಂದ ಅವನು. ನಿಂತಿದ್ದಿದ್ದು ಚರಂಡಿ ನೀರು. ಅದು ನಮ್ಮ ಮನೆ ಸಾರ್ ಅಂತ ಅವಳು ಹಿಂದಿನಿಂದ ಹೇಳಿದ್ದು ಇಂಜಿನ್ನಿನ ಸದ್ದಲ್ಲಿ ಕೇಳಲಿಲ್ಲ, ಅಥವಾ ಕೇಳಿಸಿತೋ. ಹಾಳೆ ಹಿಂದಕ್ಕೆ ಬಂತು. ಇಲ್ಲಿ ಹಾಕು ಅಂದರು. ಹಾಕಿದಳು. ರುಜು ಹಾಕೋಕೆ ಬರುತ್ತೆ ಅಂತ ತೋರಿಸಿಕೊಳ್ಳೋ ಖುಷಿ ಆಗ.

ಮೆಷೀನಿಗೆ ಕಣ್ಣಿತ್ತು, ಮೂಗಿರಲಿಲ್ಲ. ಸಾಹೇಬರಿಗೆ ಎರಡೂ ಇತ್ತು. ಅವರು ಮೂಗಿನ ಮಾತು ಕೇಳಿದರು.

ಸುಣ್ಣದಕ್ಕ ಗೋಡೆಗೆ ಕೈ ಊರಿದಳು. ಗೋಡೆ ಮೇಲೆ ಐದು ಬೆರಳಿನ ಬಿಳಿ ಗುರುತು ಬಿತ್ತು. ತನ್ನ ಮನೆಯನ್ನ ತಾನೇ ರುಜು ಹಾಕಿ ಮುಳುಗಿಸಿದ್ದಳು.

ವಿಮಾನ ಬರಲಿ, ಅದರ ಚಿತ್ರದಲ್ಲಿ ಮನೆ ಕಾಣುತ್ತಲ್ಲ ಅಂತ ಕೇಳಿದಳು. ಮೇಡಂ ತಲೆ ಅಲ್ಲಾಡಿಸಿದಳು. ಒಂದು ಸಲ ಕೆರೆ ಅಂತ ಗೆರೆ ಹಾಕಿದ ಮೇಲೆ ಅದರೊಳಗೆ ಯಾರೂ ನೋಡಲ್ಲ. ನೀರು ಅಂದರೆ ಮಟ್ಟ ಇರಬೇಕು ಅಂತ ಮೆಷೀನು ಅಷ್ಟನ್ನೂ ಮಟ್ಟ ಮಾಡಿ ಮುಂದೆ ಹೋಗುತ್ತೆ. ಆಮೇಲೆ ಕನ್ನಡಕ ತೆಗೆದು, ಸ್ವೆಟರಿನ ತುದಿಯಲ್ಲಿ ಒರೆಸುತ್ತಾ, ಸುಣ್ಣದಕ್ಕನ ಕಡೆ ನೋಡದೆ ಇನ್ನೊಂದು ಮಾತು ಹೇಳಿದಳು.

"ಪ್ಲಸ್ ಗುರುತು ಮಾತ್ರ ಎಲ್ಲಿ ಕಂಡರೂ ನಾವು ಬಿಡೋ ಹಾಗಿಲ್ಲ. ನೀರಲ್ಲಿರಲಿ, ಬೆಂಕೀಲಿರಲಿ. ಒಂದೊಂದರ ಹತ್ತಿರಾನೂ ಸಾಹೇಬರು ಖುದ್ದು ಹೋಗಿ ನಿಂತು, ಅಳೆದು, ಅಲ್ಲೇನಿದೆ ಅಂತ ಬರೀಬೇಕು. ಒಂದು ಗುರುತು ತಾಳೆಯಾಗದಿದ್ದರೂ ನಕ್ಷೆ ಪಾಸಾಗಲ್ಲ."

ಸುಣ್ಣದಕ್ಕ ಅದನ್ನ ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ನೇರ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಕೆಟ್ಟವರೇನಲ್ಲ. ಅವರು ಯಾರಿಗೂ ಬೈದವರಲ್ಲ, ಹೊಡೆದವರಲ್ಲ. ಬಿಸಿಲಿಗೆ ಮಾತ್ರ ಹೆದರೋರು. ಅವಳ ಮಾತು ಪೂರ್ತಿ ಕೇಳಿ, ಪಾಪ ಅಂದರು. ಈಗ ತಿದ್ದಿದರೆ ತಾನು ಸ್ಥಳಕ್ಕೆ ಹೋಗಲಿಲ್ಲ ಅಂತಾಗುತ್ತೆ, ವಿಚಾರಣೆ ಆಗುತ್ತೆ, ನಿವೃತ್ತಿಗೆ ಎರಡೇ ವರ್ಷ ಇದೆ ಅಂತ ತಮ್ಮ ಕಷ್ಟ ಹೇಳಿಕೊಂಡರು. ಗುರುವಾರ ವಿಮಾನ. ನಕ್ಷೆ ಪಕ್ಕಾ ಆದ ಮೇಲೆ ನಗರಸಭೆ ಕೆರೆಗೆ ಬೇಲಿ ಹಾಕುತ್ತೆ. ಒಳಗಿರೋರನ್ನ ಎಬ್ಬಿಸ್ತಾರೆ. ಎಲ್ಲಿಗೆ ಅಂತ ಅವಳು ಕೇಳಿದ್ದಕ್ಕೆ, ಅದು ನಮ್ಮ ಇಲಾಖೆ ಅಲ್ಲಮ್ಮ ಅಂದರು.

ಆಮೇಲೆ ಒಂದು ಹಾಳೆ ಮುಂದೆ ತಳ್ಳಿದರು. ಊರಲ್ಲಿ ಗುರುತು ಹಾಕಬೇಕಾದ ಆರು ಜಾಗದ ಪಟ್ಟಿ. ಆರೂ ಅವಳು ಹಾಕಿಯಾಗಿತ್ತು. ಸಾಕ್ಷಿಯ ಜಾಗದಲ್ಲಿ ರುಜು ಬೇಕಿತ್ತು.

ಕೊನೆಯ ಸಾಲು ಏನು ಅಂತ ಕೇಳಿದಳು. ಅದೇನಿಲ್ಲ, ಮಾಮೂಲಿ ಅಂದರು. ಓದಿ ಅಂದಳು. ಸಾಹೇಬರಿಗೆ ಆಶ್ಚರ್ಯವಾಯಿತು. ಎಂಟು ತಿಂಗಳಲ್ಲಿ ಅವಳು ಅವರಿಗೆ ಮಾಡಿದ ಮೊದಲ ಅಪ್ಪಣೆ ಅದು. ಅವರು ಓದಲಿಲ್ಲ. ಅವಳೇ ಬಗ್ಗಿ ಬೆರಳಿಟ್ಟು ಕೂಡಿಸಿದಳು. ಹೊತ್ತು ಹಿಡಿಯಿತು. ಕೆರೆ ಭಾಗದಲ್ಲಿ ವಾಸದ ಮನೆಗಳು ಇಲ್ಲದ ಕಾರಣ ಗುರುತು ಹಾಕಿಲ್ಲ.

"ನಾನು ಹಾಕಲ್ಲ," ಅಂದಳು.

"ಏನು ಹಾಕಲ್ಲ?"

"ರುಜು. ಆ ಮನೇಲಿ ನಾನು ಬೆಳಿಗ್ಗೆ ಮುಖ ತೊಳೆದು ಬಂದಿದ್ದೀನಿ. ಇಲ್ಲ ಅಂತ ಹ್ಯಾಗೆ ಹಾಕಲಿ?"

ಹಾಕದಿದ್ದರೆ ನಾಳೆಯಿಂದ ಬರಬೇಡ ಅಂದರು. ಅವರ ದನಿ ಏರಲಿಲ್ಲ. ಅವಳ ದನಿಯೂ ಏರಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಾಗ ಎಡಗಾಲಿನದು ಬಲಗಾಲಿಗೆ ಹೋಗಿತ್ತು. ಅರ್ಧ ದಾರಿ ಹಾಗೇ ನಡೆದಿದ್ದಳು.

ಮನೆಗೆ ಬಂದವಳು ಅತ್ತೆ ಮುಂದೆ ಕೂತು ಎಲ್ಲ ಹೇಳಿದಳು. ಮೊದಲ ರುಜುವಿನ ವಿಷಯವನ್ನೂ ಬಚ್ಚಿಡಲಿಲ್ಲ. ಕೆಲಸ ಹೋಯಿತು ಅಂದಳು. ಗಂಡ ಕೆಲಸದಿಂದ ಬಂದು ಬಾಗಿಲಲ್ಲಿ ಕಾಲು ಉಜ್ಜುತ್ತಿದ್ದ. ದಿನಾ ಅರ್ಧ ಚೆಂಬು ನೀರಲ್ಲಿ ಮೈಯ ಚರಂಡಿ ತೊಳೆಯೋ ವಿದ್ಯೆ ಅವನಿಗೆ ಕೈವಶ. ಕೇಳಿಸಿಕೊಂಡು ಚೆಂಬು ಕೆಳಗಿಟ್ಟ.

"ಅಂದರೆ ನಾವು ಇಷ್ಟು ದಿನ ನೀರೊಳಗೆ ಸಂಸಾರ ಮಾಡಿದ್ವಾ? ನನಗೆ ಈಜೇ ಬರಲ್ವಲ್ಲೇ."

ಅತ್ತೆ ಮೊದಲು ನಕ್ಕಳು. ಆಮೇಲೆ ಸೊಸೆಯ ಕೈ ಹಿಡಿದು, ಬಿರಿದ ಅಂಗೈಯನ್ನ ಹೊರಳಿಸಿ ನೋಡಿದಳು. ನೀನು ಹಾಕಿದ್ದು ಒಂದು ರುಜು, ನಾನು ಅರವತ್ತು ವರ್ಷ ಹೆಬ್ಬೆಟ್ಟು ಒತ್ತಿದ್ದೀನಿ, ಎಲ್ಲೆಲ್ಲಿ ಏನೇನು ಮುಳುಗಿದೆಯೋ ಯಾರಿಗೆ ಗೊತ್ತು ಅಂದಳು. ಆಗ ಸುಣ್ಣದಕ್ಕನಿಗೆ ಮೇಡಂ ಕನ್ನಡಕ ಒರೆಸುತ್ತಾ ಹೇಳಿದ ಮಾತು ನೆನಪಾಯಿತು.

ಮಂಗಳವಾರ ಸಂಜೆ ಕೇರಿ ಸೇರಿತು. ಅರವತ್ತೊಂದು ಮನೆ, ಅರವತ್ತೊಂದು ಗುರುತು. ಪ್ರತಿ ಬಾಗಿಲ ಮುಂದೆ ಒಂದು. ಸುಣ್ಣ ಎಲ್ಲಿಂದ ಅಂತ ಪ್ರಶ್ನೆ ಬಂತು. ಅದಕ್ಕೆ ಗಂಡನ ಹತ್ತಿರ ಉತ್ತರ ಇತ್ತು. ಚರಂಡಿ ಬದಿಗೆ ಎರಚೋಕೆ ನಗರಸಭೆ ಅವರಿಗೆಲ್ಲ ಬಿಳಿ ಪುಡಿ ಮೂಟೆಗಟ್ಟಲೆ ಕೊಡುತ್ತಿತ್ತು. ಆ ವಾರ ಊರಿನ ಚರಂಡಿಗೆ ಪುಡಿ ಬೀಳಲಿಲ್ಲ. ಊರು ಮೂಗು ಮುಚ್ಚಿಕೊಂಡಿತು. ಮುಚ್ಚಿಕೊಳ್ಳಲಿ, ನಮಗೆ ಅಭ್ಯಾಸ ಆಗಿದೆ, ಅವರಿಗೂ ಆಗಲಿ ಅಂದ ಗಂಡ.

ಬುಧವಾರ ಇಡೀ ಹಗಲು ಕೆಲಸ. ಸುಣ್ಣದಕ್ಕ ಅವತ್ತು ಮೇಸ್ತ್ರಿ. ಬಿಳಿ ಎದ್ದು ಕಾಣೋಕೆ ಕೆಳಗೆ ಕಪ್ಪಿರಬೇಕು. ಚರಂಡಿಯ ಹೂಳು ಎತ್ತಿ ತಂದು ನೆಲಕ್ಕೆ ಬಳಿದರು. ಒಣಗಿದ ಮೇಲೆ ದಾರ ಹಿಡಿದು ಪುಡಿ ಹಾಕಿದರು. ಗೆರೆ ಸೊಟ್ಟ ಬಂದರೆ ಅವಳು ಕಾಲಲ್ಲಿ ಅಳಿಸಿ ಮತ್ತೆ ಹಾಕಿಸಿದಳು. ಕಚೇರಿಯ ಅಳತೆ ಕಚೇರಿಯ ಅಳತೆಯೇ, ಒಂದು ಬೆರಳು ಹೆಚ್ಚುಕಡಿಮೆ ಆದರೂ ಆಟ ಆಡಿದ್ದಾರೆ ಅಂತಾರೆ ಅಂದಳು. ಓಣಿ ಆರಡಿ ಇಲ್ಲದ ಕಡೆ ಪೇಚಾಯಿತು. ಒಬ್ಬಳು ತನ್ನ ಅಡುಗೆಮನೆಯ ತಗಡನ್ನೇ ಕಿತ್ತು ಎರಡಡಿ ಒಳಗೆ ನಿಲ್ಲಿಸಿಕೊಂಡಳು. ಬೊಕ್ಕೆ ಬಂದವು, ಸೊಂಟ ಬಿದ್ದವು, ಎರಡು ಮನೆಯವರು ನಿನ್ನ ಪ್ಲಸ್ಸು ನನ್ನ ಬಾಗಿಲಿಗೆ ಬಂದಿದೆ ಅಂತ ಜಗಳವಾಡಿದರು. ಸಂಜೆ ಹೊತ್ತಿಗೆ ಓಣಿಯಲ್ಲಿ ಕಾಲಿಡೋಕೆ ಜಾಗವಿರಲಿಲ್ಲ. ಎಲ್ಲರೂ ಗೋಡೆ ಬದಿಗೆ ತುದಿಗಾಲಲ್ಲಿ ನಡೆದರು.

ಎಲ್ಲ ಮುಗಿದ ಮೇಲೆ ಅತ್ತೆ ಒಂದು ಮಾತು ತೆಗೆದಳು. ಗುರುತೇನೋ ಆಯಿತು, ಮೇಲೆ ನೀಲಿ ಹಾಗೇ ಇದೆಯಲ್ಲ. ಗುರುವಾರ ಬೆಳಿಗ್ಗೆ ಟಾರ್ಪಾಲು ತೆಗೆದುಬಿಡೋಣ.

"ಕೆರೆ ಬತ್ತಿಸಿಬಿಡೋಣ," ಅಂದಳು.

ಗುರುವಾರ ಒಂಬತ್ತು ಗಂಟೆಗೆ ಅರವತ್ತೊಂದು ಮನೆಯ ಮಾಡು ಕಳಚಿತು. ಟಾರ್ಪಾಲು ಮಡಚಿ ಗೋಡೆಗೆ ಒರಗಿಸಿದರು. ಎರಡು ವರ್ಷದಲ್ಲಿ ಮೊದಲ ಸಲ ಆ ಮನೆಗಳೊಳಗೆ ನೇರ ಬಿಸಿಲು ಬಿತ್ತು. ಬಿದ್ದು ಎಲ್ಲವನ್ನೂ ತೋರಿಸಿತು. ಕರಿ ಹಿಡಿದ ಪಾತ್ರೆ, ಸುತ್ತಿಟ್ಟ ಹಾಸಿಗೆ, ಹರಿದ ಪುಸ್ತಕ, ಮುಚ್ಚಿಟ್ಟ ಬಡತನ. ಕೆಲವರಿಗೆ ನಾಚಿಕೆಯಾಯಿತು. ಒಬ್ಬಳು ಬಸುರಿ ಸೆರಗು ಹೊದ್ದು ಮೂಲೆಗೆ ಸರಿದಳು. ಹಾಸಿಗೆ ಹಿಡಿದಿದ್ದ ಮುದುಕನನ್ನ ಬಾತುಕೋಳಿಯ ನೆರಳಿಗೆ ಒಯ್ಯೋಣ ಅಂದರೆ ಅವನು ಒಪ್ಪಲಿಲ್ಲ. ಚಿತ್ರದಲ್ಲಿ ತಾನೂ ಬರಬೇಕು ಅಂತ ಹಟ. ಅಂಗಿ ಗುಂಡಿ ಹಾಕಿಸಿಕೊಂಡು ಅಂಗಾತ ಮಲಗಿ ಕಾದ.

ಹತ್ತೂವರೆಗೆ ವಿಮಾನ ಬಂತು. ಸಣ್ಣದು. ಹೊಲ ಉಳುವ ಹಾಗೆ ಊರಿನ ಮೇಲೆ ಆ ತುದಿಯಿಂದ ಈ ತುದಿಗೆ, ತಿರುಗಿ ಈ ತುದಿಯಿಂದ ಆ ತುದಿಗೆ ಸಾಲು ಹಿಡಿದು ಹಾರಿತು. ಕೇರಿಯ ಮೇಲೆ ಮೂರು ಸಲ ಹೋಯಿತು. ಯಾರೂ ಕೈ ಬೀಸಬಾರದು, ಗುರುತಿನ ಮೇಲೆ ನಿಲ್ಲಬಾರದು ಅಂತ ಸುಣ್ಣದಕ್ಕನ ಅಪ್ಪಣೆ. ಎಲ್ಲರೂ ತಂತಮ್ಮ ಮಾಡು ಇಲ್ಲದ ಮನೆಯೊಳಗೆ ಕೂತು ಮುಖ ಎತ್ತಿದರು. ಬಿಸಿಲಿಗೆ ಕಣ್ಣಲ್ಲಿ ನೀರು ಬಂತು. ಯಾರೂ ತಲೆ ತಗ್ಗಿಸಲಿಲ್ಲ. ಸುಣ್ಣದಕ್ಕನಿಗೆ ಭಯ ಮಾತ್ರ ಇತ್ತು. ಮಧ್ಯಾಹ್ನ ಟಾರ್ಪಾಲು ಕಟ್ಟುವಾಗ ಅವಳ ಕೈ ಗಂಟು ಹಾಕೋದನ್ನೇ ಮರೆತಿತ್ತು.

ಒಂಬತ್ತು ದಿನ ಏನೂ ಆಗಲಿಲ್ಲ. ಅವಳು ಗಂಡನ ಜೊತೆ ಚರಂಡಿ ಕೆಲಸಕ್ಕೆ ಹೋದಳು. ಸುಣ್ಣದ ಕೈಗೆ ಹೂಳು ತಂಪಾಗಿದೆ ಅಂತ ತಮಾಷೆ ಮಾಡಿದಳು. ತಂಪಾಗಿರಲಿಲ್ಲ. ಮೊದಲ ದಿನವೇ ಎರಡು ಸಲ ವಾಂತಿ ಆಯಿತು.

ಹತ್ತನೇ ದಿನ ಜೀಪು ಬಂತು. ಚರಂಡಿ ತಿರುವಿನಲ್ಲೇ ನಿಂತಿತು. ಸಾಹೇಬರು ಇಳಿದರು.

ಮೇಡಂ ಅವರ ಮೇಜಿನ ಮೇಲೆ ವರದಿ ಇಟ್ಟಿದ್ದಳು. ಪಟ್ಟಿಯಲ್ಲಿ ಆರು ಗುರುತು, ಚಿತ್ರದಲ್ಲಿ ಅರವತ್ತೇಳು. ಅರವತ್ತೊಂದು ಕೆರೆಯೊಳಗೆ. ಮೇಲಿನ ಕಚೇರಿಯಿಂದ ಪ್ರಶ್ನೆ ಬಂದಿತ್ತು: ನೀರಿನ ಮೇಲೆ ಸುಣ್ಣ ನಿಂತಿದ್ದು ಹೇಗೆ? ಸಾಹೇಬರು ಕೊಡೆ ಬಿಚ್ಚಿದರು. ಅಳತೆಯ ಉಪಕರಣ ಹಿಡಿದು ಕೊಡೆಯನ್ನೂ ಹಿಡಿಯೋಕಾಗಲಿಲ್ಲ. ಡ್ರೈವರಿಗೆ ಅಳತೆ ಕೋಲು ನೆಟ್ಟಗೆ ನಿಲ್ಲಿಸೋಕೆ ಬರಲಿಲ್ಲ. ಸುಣ್ಣದಕ್ಕ ಹೋಗಿ ಅವನ ಕೈಯಿಂದ ಕೋಲು ತೆಗೆದುಕೊಂಡು ಮೊದಲ ಗುರುತಿನ ನಡುವೆ ನಿಲ್ಲಿಸಿದಳು. ಸಾಹೇಬರು ಕೊಡೆ ಮಡಚಿದರು.

ಒಂದೊಂದು ಬಾಗಿಲಲ್ಲೂ ನಿಂತು, ಅಳೆದು, ಅಲ್ಲೇನಿದೆ ಅಂತ ಬರೆಯಬೇಕು. ಬರೆಯೋಕೆ ನೋಡಬೇಕು. ನೋಡೋಕೆ ಬಗ್ಗಬೇಕು, ಬಾಗಿಲುಗಳು ಅಷ್ಟು ಗಿಡ್ಡ. ಹನ್ನೆರಡನೇ ಮನೆ ಹೊತ್ತಿಗೆ ಅಂಗಿ ಒದ್ದೆ. ಇಪ್ಪತ್ತನೇ ಮನೆಯ ಹತ್ತಿರ ಕರವಸ್ತ್ರ ಮೂಗು ಬಿಟ್ಟು ಹಣೆಗೆ ಹೋಯಿತು. ಮೂವತ್ತನೆಯದರ ಹತ್ತಿರ ಜೀಪಿನ ಬಾಟಲಿ ಖಾಲಿಯಾಯಿತು. ಮೂವತ್ತೆಂಟು ಮುಗಿಸಿ ಸಾಹೇಬರು ಎದುರಿಗಿದ್ದ ಅತ್ತೆಯ ಕಟ್ಟೆ ಮೇಲೆ ಕೂತುಬಿಟ್ಟರು. ಸ್ವಲ್ಪ ನೀರು ಸಿಗುತ್ತಾ ಅಂತ ಕೇಳಿದರು. ನೆಲ ನೋಡುತ್ತಾ ಕೇಳಿದರು.

ಕೆರೆ ನಡುವೆ ಕೂತಿದ್ದೀರಿ, ಬಗ್ಗಿ ಮೊಗೆದುಕೊಳ್ಳಿ ಅಂತ ಗುಂಪಿನಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು. ಸಾಹೇಬರೂ ನಗೋಕೆ ಪ್ರಯತ್ನ ಪಟ್ಟರು. ಅತ್ತೆ ಒಳಗೆ ಹೋಗಿ ಕೊಡ ಬಗ್ಗಿಸಿ ಒಂದು ಸ್ಟೀಲ್ ಲೋಟದ ತುಂಬ ನೀರು ತಂದಳು. ಸಾಹೇಬರು ಲೋಟ ತೆಗೆದುಕೊಂಡು, ತಲೆ ಹಿಂದಕ್ಕೆ ವಾಲಿಸಿ, ಲೋಟವನ್ನ ಬಾಯಿಂದ ಗೇಣು ಮೇಲಕ್ಕೆ ಎತ್ತಿದರು. ಅತ್ತೆ ಅವರ ಮೊಣಕೈ ಹಿಡಿದಳು.

"ಎತ್ತಿ ಕುಡಿದರೆ ಅರ್ಧ ಚೆಲ್ಲುತ್ತೆ. ಇದು ಮುಕ್ಕಾಲು ಗಂಟೆ ದೂರದ ನೀರು, ನನ್ನ ಸೊಸೆ ಕತ್ತಿನ ಮೇಲೆ ಬಂದಿದ್ದು. ಕಚ್ಚಿ ಕುಡೀರಿ."

ಸಾಹೇಬರು ಲೋಟದ ಅಂಚು ನೋಡಿದರು. ಅತ್ತೆಯ ಮುಖ ನೋಡಿದರು. ಬಾಯಾರಿಕೆ ದೊಡ್ಡದಿತ್ತು. ತುಟಿ ಹಚ್ಚಿ ಕುಡಿದರು. ಒಂದೇ ಉಸಿರಿಗೆ, ಮಗುವಿನ ಹಾಗೆ ಗಟಗಟ. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ. ಇನ್ನೊಂದು ಲೋಟ ಬೇಕಾ ಅಂತ ಅತ್ತೆ ಕೇಳಿದಳು. ಬೇಕು ಅಂದರು.

ಅರವತ್ತೊಂದನೆಯದು ಮುಗಿದಾಗ ಬಿಸಿಲು ಇಳಿದಿತ್ತು. ಸಾಕ್ಷಿಯ ರುಜು ಬೇಕಿತ್ತು. ಸಾಹೇಬರು ಹಾಳೆ ಮುಂದೆ ಹಿಡಿದರು. ಸುಣ್ಣದಕ್ಕ ಕೈ ಚಾಚಲಿಲ್ಲ. ಈ ಸಲ ಅವರಿಗೆ ಅರ್ಥವಾಯಿತು. ಅವರು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. ಒಂದು, ವಾಸದ ಮನೆ. ಎರಡು, ವಾಸದ ಮನೆ. ಮೂರು, ವಾಸದ ಮನೆ. ಓದುತ್ತಾ ಹೋದ ಹಾಗೆ ಆಯಾ ಮನೆಯವರು ಹೂಂ ಅಂದರು. ಮೊದಲು ತಮಾಷೆಗೆ ಅಂದರು. ಇಪ್ಪತ್ತು ದಾಟಿದ ಮೇಲೆ ಯಾರ ದನಿಯಲ್ಲೂ ತಮಾಷೆ ಉಳಿಯಲಿಲ್ಲ. ಹಾಸಿಗೆ ಹಿಡಿದ ಮುದುಕ ಒಳಗಿಂದ ಹೂಂ ಅಂದದ್ದು ಓಣಿಯ ಕೊನೆವರೆಗೂ ಕೇಳಿತು. ಅರವತ್ತೊಂದಕ್ಕೆ ಸುಣ್ಣದಕ್ಕ ಹೂಂ ಅಂದಳು. ಪೆನ್ನು ಇಸಿದುಕೊಂಡು ರುಜು ಹಾಕಿದಳು.

ಸಾಹೇಬರಿಗೆ ವಿಚಾರಣೆ ಆಯಿತು. ಛೀಮಾರಿಯಲ್ಲಿ ಮುಗಿಯಿತು. ಅವರಂಥವರಿಗೆ ಅಷ್ಟರಲ್ಲೇ ಮುಗಿಯುತ್ತೆ. ಸುಣ್ಣದಕ್ಕನ ಕೆಲಸ ವಾಪಸ್ ಬರಲಿಲ್ಲ. ಪಕ್ಕದ ಊರಿನ ಸರ್ವೆಗೆ ಬರ್ತೀಯಾ ಅಂತ ಮೇಡಂ ಹೇಳಿಕಳಿಸಿದಾಗ, ಜೀಪಿನ ಮುಂದಿನ ಸೀಟು ಕೊಡೋದಾದರೆ ಬರ್ತೀನಿ ಅಂತ ಉತ್ತರ ಕಳಿಸಿದಳು. ಅದಿನ್ನೂ ತೀರ್ಮಾನವಾಗಿಲ್ಲ.

ನಕ್ಷೆ ಮಾತ್ರ ಬದಲಾಯಿತು. ನೀಲಿ ಹೋಗಿ ಅರವತ್ತೊಂದು ಸಣ್ಣ ಚೌಕ ಬಂದವು. ಮೇಡಂ ಅದರ ಒಂದು ಪ್ರತಿ ಕೊಟ್ಟಳು. ಅದನ್ನ ಸುತ್ತಿ ಕಂಕುಳಲ್ಲಿ ಹಿಡಿದು ಸುಣ್ಣದಕ್ಕ ಸೋಮವಾರ ನಗರಸಭೆಗೆ ಹೋದಳು. ಒಬ್ಬಳೇ ಹೋಗಲಿಲ್ಲ.

ನೀರಿನ ವಿಭಾಗದ ಗುಮಾಸ್ತ ಯಾವುದೋ ಕಡತದಲ್ಲಿ ಮುಳುಗಿದ್ದ. ತಲೆ ಎತ್ತದೆ ಅರ್ಜಿ ಇಟ್ಟು ಹೋಗಿ ಅಂದ. ಅವಳು ನಕ್ಷೆ ಬಿಚ್ಚಿ ಅವನ ಕಡತದ ಮೇಲೇ ಹಾಸಿದಳು. ಅವನು ಚೌಕಗಳನ್ನ ನೋಡಿದ, ಮನೆ ಇರೋದು ಕಾಣುತ್ತೆ ಅಂತ ಒಪ್ಪಿಕೊಂಡ. ಆದರೆ ನಲ್ಲಿ ಕೊಡೋದು ಮನೆ ಲೆಕ್ಕದಲ್ಲಲ್ಲ, ತಲೆ ಲೆಕ್ಕದಲ್ಲಿ. ಮನೆಯೊಳಗೆ ಜನ ಎಷ್ಟು ಅಂತ ಆಕಾಶದಿಂದ ಕಾಣಲ್ಲವಲ್ಲ, ಅದಕ್ಕೆ ಬೇರೆ ಸಮೀಕ್ಷೆ ಆಗಬೇಕು, ಸಿಬ್ಬಂದಿ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದ.

"ಅಷ್ಟು ದೂರ ಯಾಕೆ," ಅಂದಳು ಸುಣ್ಣದಕ್ಕ. "ಒಂದ್ಸಲ ತಲೆ ಎತ್ತಿ ನೋಡಿ."

ಅವನು ತಲೆ ಎತ್ತಿದ. ಬಾಗಿಲ ತುಂಬ ಜನ. ಬಾಗಿಲಾಚೆ ಮೊಗಸಾಲೆ ತುಂಬ ಜನ. ಮೆಟ್ಟಿಲ ತುಂಬ, ಮೆಟ್ಟಿಲಿಳಿದು ಅಂಗಳದ ತುಂಬ ಜನ. ಮುದುಕನನ್ನ ಮಂಚದ ಸಮೇತ ಹೊತ್ತು ತಂದಿದ್ದರು. ಬಸುರಿ ಕಂಬಕ್ಕೆ ಒರಗಿ ನಿಂತಿದ್ದಳು. ಹೊಟ್ಟೆ ಮೇಲೆ ಕೈಯಿಟ್ಟು, ತನ್ನದನ್ನ ಒಂದು ಅಂತ ಹಿಡೀತೀರೋ ಎರಡು ಅಂತಲೋ ಅಂತ ಕೇಳಿದಳು. ಅತ್ತೆ ಆಗಲೇ ಕಚೇರಿಯ ನೆಲದ ಮೇಲೆ ಕಾಲು ಚಾಚಿ ಕೂತಾಗಿತ್ತು.

ಗುಮಾಸ್ತ ಕುರ್ಚಿಯಿಂದ ಎದ್ದ. ಎದ್ದರೂ ಕೊನೆಯವರು ಕಾಣಲಿಲ್ಲ. ತುದಿಗಾಲಲ್ಲಿ ನಿಂತ.

"ಆತುರ ಇಲ್ಲ," ಅಂದಳು ಸುಣ್ಣದಕ್ಕ. "ಎಣಿಸಿ."